ಎರಡು ದಿನ ಆಫೀಸಿಗೆ, ಎರಡು ದಿನ ನಮಗೆ: ಜೋಡಿಯಾಗಿ ಮುಂಬೈಗೆ ಹೊರಟವರಿಗೆ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರಿಗೆ ಮುಂಬೈಯಲ್ಲಿ ಎರಡು ದಿನ ಮೀಟಿಂಗ್ ಇತ್ತು. "ನೀನೂ ಬಾ, ಊರು ನೋಡಿದ ಹಾಗೂ ಆಗತ್ತೆ" ಅಂದರು. ಖುಷಿಯಿಂದ ಹೊರಟೆ. ಅಂಧೇರಿಯಲ್ಲಿ, ಏರ್‌ಪೋರ್ಟಿನ ಹತ್ತಿರ ರೂಮು. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಅವರು ವಾಪಸ್ ಬರುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ. ಈಗ ಬರುತ್ತಾರೆ, ಇನ್ನೇನು ಬರುತ್ತಾರೆ ಅಂತ ಎರಡೂ ದಿನ ನಾನು ರೂಮಿನಲ್ಲೇ ಕಾದೆ. ಮುಂಬೈ ಸಮುದ್ರ ಕಂಡದ್ದು ವಿಮಾನದ ಕಿಟಕಿಯಿಂದ ಮಾತ್ರ. ನನ್ನನ್ನು ಹಾಗೆ ಕೂರಿಸಿ ಹೋದ ಸಂಕಟ ಅವರಿಗೂ ಇತ್ತು. ಇಬ್ಬರೂ ಸಪ್ಪೆ ಮುಖ ಹೊತ್ತು ಬೆಂಗಳೂರಿಗೆ ಬಂದೆವು.

ಈಚೆಗೆ ಫೆಬ್ರವರಿಯಲ್ಲಿ ನನ್ನ ಸರದಿ ಬಂತು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಗುರುವಾರ, ಶುಕ್ರವಾರ ನನಗೆ ಟ್ರೈನಿಂಗ್. ಅವರು ರಜೆ ಹಾಕಿ ಜೊತೆಗೆ ಬಂದರು. ಈ ಸಲ ಟಿಕೆಟ್ ಮಾಡುವ ಮೊದಲೇ ಇಬ್ಬರೂ ಕೂತು ಒಂದೇ ಪ್ರಶ್ನೆ ಕೇಳಿಕೊಂಡೆವು: ಕೆಲಸ ಇಲ್ಲದವರು ಹಗಲೆಲ್ಲ ಏನು ಮಾಡುತ್ತಾರೆ? ಶನಿವಾರ ಎಲ್ಲಿಗೆ ಹೋಗೋಣ ಅಂತ ಎಲ್ಲರೂ ಯೋಚಿಸುತ್ತಾರೆ. ಗುರುವಾರ ಮಧ್ಯಾಹ್ನ ಒಬ್ಬರೇ ಇರುವವರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಪ್ರವಾಸ ಕೆಡುವುದು ಅಲ್ಲೇ. ಹಾಗಾಗಿ ಈ ಬರಹದಲ್ಲಿ ಆ ಹಗಲಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ದಿನ ಆರಿಸಿ

ಕೆಲಸದ ದಿನಗಳು ನಿಮ್ಮ ಕೈಯಲ್ಲಿದ್ದರೆ ಗುರುವಾರ, ಶುಕ್ರವಾರ ಕೇಳಿ. ಬುಧವಾರ ಸಂಜೆ ಹೋಗಿ, ಭಾನುವಾರ ಸಂಜೆ ಬನ್ನಿ. ಸೋಮವಾರ, ಮಂಗಳವಾರ ಕೆಲಸ ಇಟ್ಟುಕೊಂಡು ಅದಕ್ಕೆ ಮುಂಚಿನ ವಾರಾಂತ್ಯ ಸೇರಿಸಿಕೊಳ್ಳುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಮುಂದೆ ಕೆಲಸ ಕಾದಿದೆ ಅಂದರೆ ಭಾನುವಾರ ಸಂಜೆಯೇ ಲ್ಯಾಪ್‌ಟಾಪ್ ಹೊರಗೆ ಬರುತ್ತದೆ. ಕೆಲಸ ಮುಗಿಸಿ ತಿರುಗುವ ನೆಮ್ಮದಿಯೇ ಬೇರೆ. ಇನ್ನೊಂದು ಕಾರಣವೂ ಇದೆ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೂ ಸೋಮವಾರ ರಜೆ. ಒಬ್ಬರೇ ತಿರುಗುವವರಿಗೆ ಸೋಮವಾರ ಅರ್ಧ ಊರು ಮುಚ್ಚಿದ ಹಾಗೆ.

ತಿಂಗಳು ನವೆಂಬರಿನಿಂದ ಫೆಬ್ರವರಿ ಒಳಗಾದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಜೋರು ಮಳೆ, ಸಮುದ್ರದ ಭರತ ಎರಡೂ ಒಟ್ಟಿಗೆ ಬಂದ ದಿನ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಲೋಕಲ್ ರೈಲುಗಳೂ ತಡವಾಗುತ್ತವೆ. ಜನವರಿ ಕೊನೆ, ಫೆಬ್ರವರಿ ಮೊದಲ ವಾರದ ಹೊತ್ತಿಗೆ ಕಾಲಾ ಘೋಡಾ ಕಲಾ ಉತ್ಸವ ನಡೆಯುತ್ತದೆ. ಆಗ ದಕ್ಷಿಣ ಮುಂಬೈಯಲ್ಲಿ ರೂಮು ಸಿಗುವುದು ಕಷ್ಟ, ಬೇಗ ಮಾಡಿಸಿಕೊಳ್ಳಿ.

ಆಫೀಸಿಗೆ ಹೇಳಿಯೇ ಹೊರಡಿ

ಮುಚ್ಚಿಡಬೇಡಿ. ಗಂಡನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗುವುದು ತಪ್ಪಲ್ಲ. ಬಿಲ್‌ನಲ್ಲಿ ಗೊಂದಲ ಆದರೆ ಮಾತ್ರ ಕಷ್ಟ. ನಾನು ಮ್ಯಾನೇಜರಿಗೆ ಮೂರು ಸಾಲಿನ ಮೇಲ್ ಹಾಕಿದೆ. ಮನೆಯವರು ಜೊತೆಗೆ ಬರುತ್ತಿದ್ದಾರೆ, ಅವರ ಖರ್ಚು ನಮ್ಮದು. ಶುಕ್ರವಾರ ರಾತ್ರಿಯಿಂದ ರೂಮಿನ ಬಾಡಿಗೆ ನಮ್ಮದು. ವಾಪಸ್ ಟಿಕೆಟ್ ಶುಕ್ರವಾರದ ಬದಲು ಭಾನುವಾರಕ್ಕೆ ಮಾಡಿಸಿ, ದರ ಜಾಸ್ತಿಯಾದರೆ ವ್ಯತ್ಯಾಸ ನಾನು ಕೊಡುತ್ತೇನೆ. ಒಪ್ಪಿಗೆ ಬಂತು. ಆ ಮೇಲ್ ಕೊನೆಯಲ್ಲಿ ಕ್ಲೇಮ್ ಹಾಕುವಾಗಲೂ ಕೆಲಸಕ್ಕೆ ಬಂತು.

ಹೋಟೆಲಿನವರಿಗೆ ಫೋನ್ ಮಾಡಿ ಇಬ್ಬರ ಹೆಸರಿನಲ್ಲೂ ಬುಕಿಂಗ್ ಮಾಡಿಸಿ. ಒಬ್ಬರಿಗೆ ರಾತ್ರಿಗೆ 6,000 ರೂ., ಇಬ್ಬರಿಗೆ 6,800 ರೂ. ಅಂತ ಇಟ್ಟುಕೊಳ್ಳಿ. ಆಫೀಸಿನ ರಾತ್ರಿಗಳಲ್ಲೂ ಆ 800 ನಿಮ್ಮದು. ಎರಡು ಬಿಲ್ ಬೇಕು ಅಂತ ಮೊದಲೇ ಹೇಳಿ. ಕೆಲಸದ ರಾತ್ರಿಗಳದ್ದು ಕಂಪನಿ ಹೆಸರು, ಜಿಎಸ್‌ಟಿ ನಂಬರ್ ಹಾಕಿ. ಮಿಕ್ಕಿದ್ದು ನಿಮ್ಮ ಹೆಸರಿಗೆ. ಹೊರಡುವ ಬೆಳಿಗ್ಗೆ ಕೌಂಟರಿನಲ್ಲಿ ನಿಂತು ಇದನ್ನು ಬಿಡಿಸಲು ಹೋದರೆ ಒಂದು ಗಂಟೆ ಹಾಳು. ಚೆಕ್‌ಇನ್‌ಗೆ ಇಬ್ಬರೂ ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳಿ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲ, ಅದನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಮನೆಯಲ್ಲೂ ಒಂದು ಒಪ್ಪಿಗೆ ಬೇಕಲ್ವಾ? "ಅವಳು ಕೆಲಸಕ್ಕೆ ಹೋಗ್ತಾಳೆ ಸರಿ, ನೀನು ಯಾಕೆ?" ಅಂತ ನಮ್ಮ ಅತ್ತೆ ಮಗನನ್ನು ಕೇಳಿದರು. "ನಾವಿಬ್ಬರೇ ಹೋಗಿ ತುಂಬಾ ದಿನ ಆಯ್ತಮ್ಮ" ಅಂದರು ಇವರು. ಅತ್ತೆ ಮರುಮಾತಿಲ್ಲದೆ ಮಗಳನ್ನು ನೋಡಿಕೊಳ್ಳಲು ಒಪ್ಪಿದರು. ನೇರವಾಗಿ ಹೇಳಿದ್ದೇ ಒಳ್ಳೆಯದಾಯಿತು.

ರೂಮು ಆಫೀಸಿನ ಪಕ್ಕ ಬೇಡ

ಎಲ್ಲದಕ್ಕಿಂತ ದೊಡ್ಡ ತೀರ್ಮಾನ ಇದು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸನ್ನು ಅಲ್ಲಿ ಎಲ್ಲರೂ ಬಿಕೆಸಿ ಅಂತಲೇ ಕರೆಯುತ್ತಾರೆ. ಗಾಜಿನ ಕಟ್ಟಡ, ಬ್ಯಾಂಕು, ಅಗಲ ರಸ್ತೆ. ಕೆಲಸಕ್ಕೆ ಚೆನ್ನ. ಆದರೆ ಹಗಲು ಒಬ್ಬರೇ ನಡೆದು ನೋಡುವಂಥ ಊರು ಅಲ್ಲಿಲ್ಲ. ಅದಕ್ಕೇ ನಾವು ದಕ್ಷಿಣ ಮುಂಬೈಯ ಫೋರ್ಟ್ ಪ್ರದೇಶದಲ್ಲಿ ಹಳೆಯ ಕಟ್ಟಡದ ಒಂದು ಸಾದಾ ಹೋಟೆಲ್ ಹಿಡಿದೆವು. ಕೆಲಸ ಇದ್ದವರು ಪ್ರಯಾಣ ಮಾಡಲಿ, ಕೆಲಸ ಇಲ್ಲದವರು ಹೋಟೆಲಿನ ಬಾಗಿಲು ದಾಟಿದರೆ ಊರಿನೊಳಗೇ ಇರಲಿ ಅನ್ನುವುದು ನಮ್ಮ ಲೆಕ್ಕ.

ಮೊದಲಾಗಿದ್ದರೆ ಈ ಸಲಹೆ ಕೊಡಲು ಹಿಂಜರಿಯುತ್ತಿದ್ದೆ. ಫೋರ್ಟ್‌ನಿಂದ ಬಿಕೆಸಿಗೆ ಟ್ಯಾಕ್ಸಿಯಲ್ಲಿ ಬೆಳಗಿನ ಹೊತ್ತು ಹೋಗುವುದು ಸುಲಭವಲ್ಲ. ಈಗ ಮೆಟ್ರೋ 3 ಇದೆ. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ನಿಲ್ದಾಣ. ಹೆಚ್ಚುಕಡಿಮೆ ಪೂರ್ತಿ ನೆಲದಡಿ. 2025ರ ಅಕ್ಟೋಬರಿನಲ್ಲಿ ಕೊನೆಯ ಭಾಗವೂ ತೆರೆಯಿತು. ಏರ್‌ಪೋರ್ಟಿನ ಎರಡೂ ಟರ್ಮಿನಲ್, ಬಿಕೆಸಿ, ದಾದರ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ), ಹುತಾತ್ಮ ಚೌಕ, ಚರ್ಚ್‌ಗೇಟ್ ಎಲ್ಲ ಒಂದೇ ದಾರಿಯಲ್ಲಿ. ನಾನು ಹುತಾತ್ಮ ಚೌಕದಲ್ಲಿ ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಬಿಕೆಸಿಯಲ್ಲಿ ಇಳಿಯುತ್ತಿದ್ದೆ. ಒಂದು ಎಚ್ಚರಿಕೆ: ಸುರಂಗದ ಒಳಗೆ ಮೊಬೈಲ್ ನೆಟ್‌ವರ್ಕ್ ಕೈಕೊಡಬಹುದು. ಟಿಕೆಟ್ಟನ್ನು ಮೇಲೆ ರಸ್ತೆಯಲ್ಲಿರುವಾಗಲೇ ತೆಗೆದುಕೊಳ್ಳಿ, ಎಲ್ಲಿ ಸಿಗಬೇಕು ಅನ್ನುವ ಮೆಸೇಜನ್ನೂ ಇಳಿಯುವ ಮೊದಲೇ ಕಳಿಸಿ.

ನಿಮ್ಮ ಕೆಲಸ ಪವಾಯಿಯಲ್ಲೋ ನವಿ ಮುಂಬೈಯಲ್ಲೋ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಆಗ ಕೆಲಸದ ರಾತ್ರಿ ಅಲ್ಲೇ ಇದ್ದು, ಶುಕ್ರವಾರ ಸಂಜೆ ದಕ್ಷಿಣಕ್ಕೆ ರೂಮು ಬದಲಾಯಿಸುವುದು ಮೇಲು.

ಒಬ್ಬರೇ ಇರುವವರ ಹಗಲು

ಗುರುವಾರ ನಮ್ಮ ಮನೆಯವರು ನಡೆದದ್ದು ಹೀಗೆ. ಬೆಳಿಗ್ಗೆ ನಿಧಾನವಾಗಿ ತಿಂಡಿ. ಹತ್ತೂಕಾಲಿಗೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ. ಗೋಳಗುಮ್ಮಟ ನೋಡಿದವರಿಗೆ ಇದರ ಗುಮ್ಮಟ ಪರಿಚಿತ ಅನ್ನಿಸುತ್ತದೆ. 1922ರಲ್ಲಿ ಜನರಿಗೆ ತೆರೆದ ಮ್ಯೂಸಿಯಂ ಇದು. ಅಸ್ಸೀರಿಯಾದ ಅರಮನೆಯ ಕಲ್ಲಿನ ಉಬ್ಬುಚಿತ್ರಗಳಿಂದ ಹಿಡಿದು ನಮ್ಮ ಚಿಕಣಿ ವರ್ಣಚಿತ್ರಗಳವರೆಗೆ ಇಲ್ಲಿವೆ. ಎಲ್ಲ ನೋಡುವ ಹಟ ಬೇಡ, ಎರಡು ಗಂಟೆ ಸಾಕು. ಪಕ್ಕದಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ, ಒಳಗೆ ಹೋಗಲು ಟಿಕೆಟ್ ಇಲ್ಲ. ಆಮೇಲೆ ಹುತಾತ್ಮ ಚೌಕದ ಫುಟ್‌ಪಾತಿನ ಹಳೇ ಪುಸ್ತಕದ ಅಂಗಡಿಗಳು, ಹಾರ್ನಿಮನ್ ಸರ್ಕಲ್, ಏಷ್ಯಾಟಿಕ್ ಸೊಸೈಟಿಯ ಬಿಳಿ ಮೆಟ್ಟಿಲು. ಎಲ್ಲ ನಡೆಯುವಷ್ಟೇ ದೂರ. ಕಾಲು ಸೋತರೆ ಹೋಟೆಲ್ ಹತ್ತಿರವೇ ಇದೆ. ಮಧ್ಯಾಹ್ನ ಒಂದು ಗಂಟೆ ಮಲಗಿ ಎದ್ದರಂತೆ. ಮೊದಲ ಸಲ ನಾನು ಕಳೆದುಕೊಂಡಿದ್ದು ಈ ಸ್ವಾತಂತ್ರ್ಯವನ್ನೇ.

ಸಂಜೆ ನಾಲ್ಕಕ್ಕೆ ಧೋಬಿ ತಲಾವ್ ಹತ್ತಿರದ ಕಯಾನಿ ಕಂಪನಿಗೆ ಹೋಗಿ ಬನ್ ಮಸ್ಕಾ (ಬೆಣ್ಣೆ ಹಚ್ಚಿದ ಬನ್), ಚಹಾ. 1904ರ ಇರಾನಿ ಹೋಟೆಲ್ ಅದು. ಒಬ್ಬರೇ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಹೊಸ ಊರಿನಲ್ಲಿ ಒಬ್ಬರೇ ತಿನ್ನಲು ಸಂಕೋಚ ಪಡುವವರಿಗೆ ನಾನು ಮೊದಲು ಹೇಳುವ ಜಾಗ ಇಂಥದ್ದು.

ಶುಕ್ರವಾರ ಮಾಟುಂಗಾ. ಇದು ಕನ್ನಡದವರಿಗೆಂದೇ ಹೇಳುವ ಮಾತು. ಮುಂಬೈಗೆ ನಮ್ಮ ಕರಾವಳಿಯಿಂದ ಹೋಗಿ ಹೋಟೆಲ್ ಕಟ್ಟಿದವರ ಗುರುತು ಇವತ್ತಿಗೂ ಇಲ್ಲಿ ದಟ್ಟವಾಗಿದೆ. ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲೇ. ಕನ್ನಡ ನಾಟಕ, ಭಾಷಣಗಳು ಅಲ್ಲಿ ನಡೆಯುತ್ತಿರುತ್ತವೆ. ಹೋಗುವ ಮೊದಲು ಕಾರ್ಯಕ್ರಮ ಏನಿದೆ ಅಂತ ವಿಚಾರಿಸಿಕೊಂಡರೆ ಒಂದು ಸಂಜೆ ಸಿಕ್ಕರೂ ಸಿಕ್ಕೀತು.

ಹೋಗುವುದಕ್ಕೆ ಲೋಕಲ್ ರೈಲೇ ಸರಿ. ಬೆಳಿಗ್ಗೆ ಜನರ ಹೊಳೆ ಸಿಎಸ್‌ಎಂಟಿ ಕಡೆಗೆ ಹರಿಯುತ್ತದೆ. ನೀವು ಹತ್ತೂವರೆ ಮೇಲೆ ಅಲ್ಲಿಂದ ಹೊರಗೆ ಹೋಗುವ ರೈಲು ಹತ್ತಿದರೆ ಸೀಟೇ ಸಿಗುತ್ತದೆ. ಮಾಟುಂಗಾದಲ್ಲಿ ನಿಲ್ಲುವುದು ಸ್ಲೋ ಲೋಕಲ್ ಮಾತ್ರ, ಫಾಸ್ಟ್ ಹತ್ತಬೇಡಿ. ಮಾಟುಂಗಾ ರೋಡ್ ಅನ್ನುವುದು ಬೇರೆ ನಿಲ್ದಾಣ, ಪಶ್ಚಿಮ ಮಾರ್ಗದ್ದು. ಹೊರಡುವ ಮುನ್ನ ಸಿಎಸ್‌ಎಂಟಿ ಕಟ್ಟಡವನ್ನು ರಸ್ತೆಯ ಆ ಬದಿ ನಿಂತು ಹತ್ತು ನಿಮಿಷ ನೋಡಿ. 1888ರಲ್ಲಿ ಪೂರ್ತಿಯಾದ ಈ ನಿಲ್ದಾಣ 2004ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನಮ್ಮ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಂದ ಬರುವವರು ಇಳಿಯುವುದೂ ಇಲ್ಲೇ.

ಮಾಟುಂಗಾ ಸ್ಟೇಷನ್ನಿನ ಪಕ್ಕದಲ್ಲೇ ರಾಮಾ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಲ್ಲಿ ಶುರುವಾದದ್ದು. ಬಾಳೆಎಲೆ ಊಟ. ಎರಡು ದಿನ ಹೊರಗಿನ ಊಟ ಮಾಡಿದ ಬಾಯಿಗೆ ಆ ಸಾರು ಹೇಗಿರುತ್ತದೆ ಅಂತ ನಮ್ಮ ಮನೆಯವರು ನನಗೆ ಟ್ರೈನಿಂಗ್ ಮಧ್ಯೆ ಫೋನ್ ಮಾಡಿ ಹೇಳಿದರು. ಅವರ ದನಿಯಲ್ಲಿ ಕಾದು ಬೇಸತ್ತ ಸುಳಿವೇ ಇರಲಿಲ್ಲ. ನನಗೂ ಮನಸ್ಸು ಹಗುರಾಯಿತು, ಮಧ್ಯಾಹ್ನದ ಕ್ಲಾಸು ಚೆನ್ನಾಗಿ ಕೇಳಿಸಿಕೊಂಡೆ. ಕಾಫಿ, ದೋಸೆಗೆ ಕೆಫೆ ಮದ್ರಾಸ್, ರಾಮ್ ಆಶ್ರಯ ಇವೆ. ಸುತ್ತಮುತ್ತ ಹೂವಿನ ಅಂಗಡಿಗಳು, ಕಾಫಿಪುಡಿ, ಬಾಳೆಎಲೆ ಮಾರುವವರು. ಸುಮ್ನೆ ತಿರುಗಿದರೂ ಒಂದೆರಡು ಗಂಟೆ ಹೋಗುತ್ತದೆ.

ಒಬ್ಬರೇ ತಿರುಗುವ ಹೆಂಗಸರಿಗೆ ಎರಡು ಮಾತು. ಲೋಕಲ್‌ನಲ್ಲಿ ಲೇಡೀಸ್ ಬೋಗಿ ಹತ್ತಿ, ಯಾವ ಕಡೆ ಇಳಿಯಬೇಕು ಅಂತ ಒಳಗಿನವರನ್ನೇ ಕೇಳಿ, ಚೆನ್ನಾಗಿ ಹೇಳುತ್ತಾರೆ. ಸಂಜೆ ಐದರಿಂದ ಒಂಬತ್ತರವರೆಗೆ ಉಪನಗರದ ಕಡೆ ಹೋಗುವ ರೈಲು ಹೊಸಬರಿಗೆ ಬೇಡ. ಇನ್ನು ಆಟೋ ವಿಷಯ: ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೋಗಳೇ ಇಲ್ಲ. ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿ. ಸಾಮಾನ್ಯವಾಗಿ ಮೀಟರ್ ಹಾಕಿಯೇ ಬರುತ್ತಾರೆ.

ಸಂಜೆ ಹೋಟೆಲಿನಲ್ಲಿ ಅಲ್ಲ, ಊರಲ್ಲಿ ಸೇರಿ

ರೂಮಿಗೆ ಹೋಗಿ ಆಮೇಲೆ ಹೊರಡೋಣ ಅಂದುಕೊಂಡರೆ ಹೊರಡುವುದೇ ಇಲ್ಲ. ಶೂ ಬಿಚ್ಚಿದ ಮೇಲೆ ಹಾಸಿಗೆ ಕರೆಯುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ ಸಿಗಬೇಕು ಅಂತ ಬೆಳಿಗ್ಗೆಯೇ ಗೊತ್ತು ಮಾಡಿಕೊಳ್ಳಿ.

ಎರಡು ಸಂಜೆಯಲ್ಲಿ ಒಂದನ್ನು ಆಫೀಸಿಗೆ ಬಿಟ್ಟುಬಿಡಿ. ಗುರುವಾರ ನಮ್ಮ ತಂಡದ ಊಟ ಇತ್ತು. ಅದಕ್ಕೆ ನಾನೊಬ್ಬಳೇ ಹೋದೆ. ಇವರು ನರಿಮನ್ ಪಾಯಿಂಟಿನ ಎನ್‌ಸಿಪಿಎ ಕಲಾಕೇಂದ್ರದಲ್ಲಿ ನಾಟಕಕ್ಕೆ ಟಿಕೆಟ್ ಮಾಡಿಕೊಂಡಿದ್ದರು. ಆದರೆ "ಶುಕ್ರವಾರ ಐದೂವರೆ ಮೇಲೆ ನಾನು ಸಿಗಲ್ಲ" ಅಂತ ಸಹೋದ್ಯೋಗಿಗಳಿಗೆ ಬುಧವಾರವೇ ಹೇಳಿಟ್ಟಿದ್ದೆ. ಆ ಗಳಿಗೆಯಲ್ಲಿ ಹೇಳಿದರೆ ನೆಪ ಅನ್ನಿಸುತ್ತದೆ, ಮೊದಲೇ ಹೇಳಿದರೆ ಎಲ್ಲರೂ ಗೌರವಿಸುತ್ತಾರೆ.

ಶುಕ್ರವಾರ ಐದೂವರೆಗೆ ಬಿಕೆಸಿಯಲ್ಲಿ ಮೆಟ್ರೋ ಹತ್ತಿ ಆರೂಕಾಲಿಗೆ ಚರ್ಚ್‌ಗೇಟ್‌ನಲ್ಲಿದ್ದೆ. ಇವರು ಮೇಲೆ ಕಾಯುತ್ತಿದ್ದರು. ಅಲ್ಲಿಂದ ಮರೀನ್ ಡ್ರೈವ್ ಐದು ನಿಮಿಷದ ನಡಿಗೆ. ಫೆಬ್ರವರಿಯಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲಿನ ಹೊತ್ತಿಗೆ. ಡಿಸೆಂಬರಿನಲ್ಲಾದರೆ ಆರಕ್ಕೇ ಮುಳುಗುತ್ತಾನೆ, ಆಫೀಸು ಮುಗಿಸಿ ಬರುವವರಿಗೆ ಸಿಗುವುದಿಲ್ಲ. ಕಟ್ಟೆಯ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕೂತೆವು. ಮೊದಲ ಮುಂಬೈಯಲ್ಲಿ ಆಡದೆ ಉಳಿದ ಮಾತೆಲ್ಲ ಅಲ್ಲಿ ಆಡಿದೆವು. ಕತ್ತಲಾಗಿ ದೀಪ ಹತ್ತಿದ ಮೇಲೆ ಗಿರ್‌ಗಾಂವ್ ಚೌಪಾಟಿಯವರೆಗೆ ನಡೆದು ಭೇಲ್ ತಿಂದು ಟ್ಯಾಕ್ಸಿಯಲ್ಲಿ ವಾಪಸ್. ಬೆನ್ನ ಹಿಂದಿನ ಕಟ್ಟಡಗಳನ್ನೂ ತಿರುಗಿ ನೋಡಿ. ದುಂಡು ಮೂಲೆ, ಅಡ್ಡ ಪಟ್ಟಿಯ ಆ ಆರ್ಟ್ ಡೆಕೊ ಮನೆಗಳು, ಓವಲ್ ಮೈದಾನದ ಆಚೆ ಬದಿಯ ಗಾಥಿಕ್ ಕಟ್ಟಡಗಳು ಎರಡೂ ಸೇರಿ 2018ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದಿವೆ.

ಲ್ಯಾಪ್‌ಟಾಪನ್ನು ಆ ರಾತ್ರಿ ಸೂಟ್‌ಕೇಸಿನ ತಳಕ್ಕೆ ಹಾಕಿದೆ. ನೀವೂ ಹಾಗೇ ಮಾಡಿ.

ಶನಿವಾರ ದೋಣಿ ಹತ್ತಿ

ಎರಡೂ ದಿನಕ್ಕೆ ಹತ್ತು ಜಾಗ ತುಂಬಬೇಡಿ. ಶನಿವಾರಕ್ಕೆ ಒಂದೇ ಸಾಕು: ಎಲಿಫೆಂಟಾ. ಗೇಟ್‌ವೇ ಆಫ್ ಇಂಡಿಯಾದಿಂದ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ದೋಣಿಗಳು ಶುರು. ಮೊದಲನೆಯದನ್ನೇ ಹಿಡಿಯಿರಿ, ಹನ್ನೊಂದರ ಮೇಲೆ ಜನ ಜಾಸ್ತಿ. ಸುಮಾರು ಒಂದು ಗಂಟೆಯ ಪ್ರಯಾಣ. ಇಳಿದ ಮೇಲೆ ಅಂಗಡಿಗಳ ನಡುವೆ ನೂರಕ್ಕೂ ಮೀರಿ ಮೆಟ್ಟಿಲು ಹತ್ತಬೇಕು. ಚಪ್ಪಲಿಗಿಂತ ಶೂ ಮೇಲು. ಕೈಯಲ್ಲಿ ತಿಂಡಿ ಹಿಡಿದರೆ ಕೋತಿಗಳು ಕಿತ್ತುಕೊಳ್ಳುತ್ತವೆ. ಮಳೆಗಾಲದಲ್ಲಿ ದೋಣಿ ನಿಲ್ಲಿಸುವುದುಂಟು.

ಆ ದ್ವೀಪದ ಹೆಸರು ಘಾರಾಪುರಿ. ಐಹೊಳೆಯ ಮೇಗುಟಿ ಬಸದಿಯ ಶಾಸನ ನೆನಪಿದೆಯಾ? 634ರದ್ದು, ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಕೇಶಿ ಆನೆಗಳಂಥ ನೂರಾರು ಹಡಗುಗಳಲ್ಲಿ ಹೋಗಿ, ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ ಅಂತ ಅದರಲ್ಲಿದೆ. ಆ ಪುರಿ ಇದೇ ಘಾರಾಪುರಿ ಅನ್ನುವುದು ಕೆಲವು ಇತಿಹಾಸಕಾರರ ಅಭಿಪ್ರಾಯ. ಬಾದಾಮಿ, ಐಹೊಳೆ ನೋಡಿ ಬಂದವರಿಗೆ ದೋಣಿಯಲ್ಲಿ ಕೂತು ಇದನ್ನು ನೆನೆಯುವಾಗ ಮೈ ಜುಮ್ಮೆನ್ನುತ್ತದೆ.

ಗುಹೆಯೊಳಗೆ ಎಲ್ಲರೂ ನೇರವಾಗಿ ಮೂರು ಮುಖದ ಸದಾಶಿವನ ಮುಂದೆ ಹೋಗಿ ನಿಲ್ಲುತ್ತಾರೆ. ಸುಮಾರು 20 ಅಡಿ ಎತ್ತರ. ನಿಲ್ಲಲೇಬೇಕು. ಆದರೆ ಶಿವ ಪಾರ್ವತಿಯರ ಮದುವೆಯ ಕೆತ್ತನೆಯನ್ನು ಬಿಡಬೇಡಿ. ಅಲ್ಲಲ್ಲಿ ಒಡೆದು ಹೋಗಿದೆ. ಆದರೂ ಪಾರ್ವತಿ ನಿಂತ ಭಂಗಿಯಲ್ಲಿ ನಾಚಿಕೆ ಇನ್ನೂ ಹಾಗೇ ಇದೆ. ನಾವು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆವು.

ಮಧ್ಯಾಹ್ನ ಎರಡಕ್ಕೆ ವಾಪಸ್ ಬಂದು ಮಲಗಿದೆವು. ಸಂಜೆ ಯಾವ ಯೋಜನೆಯೂ ಇಟ್ಟುಕೊಳ್ಳಲಿಲ್ಲ.

ಭಾನುವಾರ

ಬೆಳಿಗ್ಗೆ ಏಳಕ್ಕೆ ಟ್ಯಾಕ್ಸಿಯಲ್ಲಿ ವಾಲ್ಕೇಶ್ವರದ ಬಾಣಗಂಗಾ. ಶಿಲಾಹಾರ ಅರಸರ ಕಾಲದ ಕಲ್ಯಾಣಿ, ಸುತ್ತ ದೇವಸ್ಥಾನ, ಬಾತುಕೋಳಿ. ಮೆಟ್ಟಿಲ ಮೇಲೆ ಕೂತರೆ ಎತ್ತರದ ಕಟ್ಟಡಗಳ ನಡುವೆ ಹೀಗೊಂದು ನಿಶ್ಶಬ್ದ ಹೇಗೆ ಉಳಿಯಿತು ಅಂತ ಆಶ್ಚರ್ಯವಾಗುತ್ತದೆ. ವಾಪಸ್ ಬಂದು ರೂಮು ಖಾಲಿ ಮಾಡಿ. ಎರಡೂ ಬಿಲ್ ಸರಿ ಇದೆಯಾ ನೋಡಿ.

ಮಧ್ಯಾಹ್ನದ ಊಟಕ್ಕೆ ಇವರು ನನ್ನನ್ನು ಬ್ಯಾಗ್ ಸಮೇತ ಮಾಟುಂಗಾಕ್ಕೆ ಕರೆದುಕೊಂಡು ಹೋದರು. ಅದೂ ಏರ್‌ಪೋರ್ಟಿನ ದಾರಿಯೇ. ಯಾವ ಗಲ್ಲಿ, ಎಲ್ಲಿ ಹೂವು ಅಗ್ಗ, ಎಲ್ಲಿ ಕ್ಯೂ ನಿಲ್ಲಬೇಕು ಎಲ್ಲ ಇವರಿಗೆ ಗೊತ್ತಿತ್ತು. ನನಗೆ ಆ ಊರನ್ನು ತೋರಿಸುವ ಸಂಭ್ರಮ ಇವರ ಮುಖದಲ್ಲಿತ್ತು. ಭಾನುವಾರ ಜನ ಜಾಸ್ತಿ. ವಿಮಾನ ಸಂಜೆ ಆರಕ್ಕಿದ್ದರೆ ಹನ್ನೆರಡಕ್ಕೇ ಊಟಕ್ಕೆ ಹೋಗಿ. ಲಗೇಜು ಕಡಿಮೆ ಇದ್ದರೆ ದಾದರ್‌ಗೆ ಟ್ಯಾಕ್ಸಿಯಲ್ಲಿ ಬಂದು ಮೆಟ್ರೋ ಹತ್ತಬಹುದು. ನಿಮ್ಮ ವಿಮಾನ ಟರ್ಮಿನಲ್ 1ರದ್ದೋ 2ರದ್ದೋ ನೋಡಿಕೊಳ್ಳಿ, ಎರಡಕ್ಕೂ ಬೇರೆ ಬೇರೆ ನಿಲ್ದಾಣ.

ಏರ್‌ಪೋರ್ಟಿನಲ್ಲಿ ಒಂದು ಗಂಟೆ ಸಿಕ್ಕೇ ಸಿಗುತ್ತದೆ. ನಾನು ಚೀಟಿಗಳನ್ನು ಎರಡು ಕವರಿಗೆ ಹಾಕಿದೆ. ಒಂದರಲ್ಲಿ ಆಫೀಸಿನದ್ದು: ಎರಡು ದಿನದ ಮೆಟ್ರೋ, ಕೆಲಸದ ರಾತ್ರಿಗಳ ಬಿಲ್, ಅದರ ಮೇಲೆ ಪೆನ್ಸಿಲ್‌ನಲ್ಲಿ ನಮ್ಮ ಪಾಲಿನ ಮೊತ್ತ. ಇನ್ನೊಂದರಲ್ಲಿ ದೋಣಿಯ ಟಿಕೆಟ್ಟು, ನಾಟಕದ ಟಿಕೆಟ್ಟು, ಎರಡು ಎಲೆ ಊಟದ ಚೀಟಿ. ಸೋಮವಾರ ಬೆಳಿಗ್ಗೆ ಮೊದಲ ಕವರು ಅಕೌಂಟ್ಸ್ ಸೆಕ್ಷನ್ನಿಗೆ ಹೋಯಿತು. ಎರಡನೆಯದು ಬೀರುವಿನಲ್ಲಿದೆ.